ಕಡ್ಡಿಯಣ್ಣನಿಗೆ ನಾನು ಆರಿಸಿದ ಸೀಟು

ಕಡ್ಡಿಯಣ್ಣನ ನಿಜವಾದ ಹೆಸರು ನಮ್ಮ ಆಸ್ಪತ್ರೆಯ ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ನಲವತ್ತಾರು ಕೆಜಿಯ ಆಳು. ಗಾಳಿ ಜೋರಾಗಿ ಬೀಸಿದರೆ ಅವನನ್ನು ಯಾರಾದರೂ ಹಿಡ್ಕೊಳ್ರಪ್ಪ ಎಂದು ನರ್ಸುಗಳು ಕಾಲೆಳೆಯುತ್ತಿದ್ದರು. ಇಪ್ಪತ್ತಾರು ವರ್ಷ ಅವನು ತಳ್ಳುವ ಮಿಷನ್ನಿನ ಹಿಂದೆ ನಡೆದು ಮೂರು ಎಕರೆ ಹುಲ್ಲು ಕತ್ತರಿಸಿದ. ಶುರು ಮಾಡುವ ಮುಂಚೆ ಇಡೀ ಲಾನು ಸುತ್ತಿ ಕಲ್ಲು, ಬಾಟಲಿ ಮುಚ್ಚಳ, ಸಿರಿಂಜಿನ ಕ್ಯಾಪು ಎಲ್ಲ ಆರಿಸುತ್ತಿದ್ದ. ಮೂಳೆ ವಾರ್ಡಿನ ಕಿಟಕಿಗಳ ಕೆಳಗೆ ಬಂದರೆ ಕೆಲಸ ಇನ್ನೂ ನಿಧಾನ. ಕಾಲಿಗೆ ಕಬ್ಬಿಣ ಕಟ್ಟಿಸಿಕೊಂಡು ಮಲಗಿದವರಿಗೆ ನೋಡುವುದಕ್ಕೆ ಬೇರೇನಿದೆ ಎನ್ನುತ್ತಿದ್ದ.

ಅವನ ಮೊಣಕಾಲು ಸವೆದಾಗ, ಕೂತು ಓಡಿಸುವ ಮಿಷನ್ ತರಿಸೋಣ ಎಂದು ಕಮಿಟಿಯಲ್ಲಿ ಹಟ ಹಿಡಿದವನು ನಾನೇ. ನಾನು ಸ್ಟೋರಿನ ಸೂಪರ್‌ವೈಸರ್. "ಸರಿ, ನೀವೇ ನೋಡಿ ಆರಿಸಿ" ಎಂದರು ದೊಡ್ಡ ಡಾಕ್ಟರು. ಒಬ್ಬ ಬಡಪಾಯಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಅಂಗಡಿಗೆ ಹೊರಟ ದಿನ ಕಡ್ಡಿಯಣ್ಣ ಗೇಟಿನ ಹತ್ತಿರ ಬಂದು ಕೇಳಿದ: "ಸಾರ್, ನಾನೂ ಬರ್ಲಾ? ಒಂದ್ಸಲ ಕೂತು ನೋಡ್ತೀನಿ."

"ನೀನ್ಯಾಕೆ ಸುಮ್ನೆ, ನಾನಿದೀನಲ್ಲ" ಎಂದೆ.

ನಿಜ ಹೇಳಿಬಿಡುತ್ತೇನೆ. ಅವನ ಪ್ಯಾಂಟಿನ ತುಂಬ ಹುಲ್ಲಿನ ಕಲೆ ಇತ್ತು. ನನ್ನ ಕಾರು ಕೊಂಡು ಎರಡು ವಾರವಾಗಿತ್ತು, ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಕಾರಣ ಅಷ್ಟೇ.

ಅಂಗಡಿಯಲ್ಲಿ ಮೂರು ಮಿಷನ್ ತೋರಿಸಿದರು. ಒಂದು ಮರದ ಬುಡದಲ್ಲೂ ಚಕ್ಕನೆ ತಿರುಗುತ್ತಿತ್ತು. ಇನ್ನೊಂದರ ಬ್ಲೇಡು ಅಗಲ. ಮೂರನೆಯದಕ್ಕೆ ಸ್ಪ್ರಿಂಗ್ ಸೀಟು, ಪಕ್ಕದಲ್ಲಿ ನೀರಿನ ಬಾಟಲಿ ಇಡಲು ಜಾಗ. ಅದರ ಮೇಲೆ ಕೂತೆ. ಮಾರುವವನು ಬಗ್ಗಿ ಸೀಟಿನ ಕೆಳಗಿನ ತಿರುಪನ್ನು ನಾಲ್ಕು ಸುತ್ತು ಬಿಗಿ ಮಾಡಿದ. "ನಿಮ್ಮ ತೂಕಕ್ಕೆ ಹೊಂದಿಸ್ದೆ ಸಾರ್. ಸೀಟಿನ ಮೇಲೆ ಭಾರ ಇಲ್ದಿದ್ರೆ ಇಂಜಿನ್ ತಾನಾಗೇ ಆಫ್ ಆಗುತ್ತೆ. ಇಳಿಯುವಾಗ ಬ್ಲೇಡಿಗೆ ಕಾಲು ಸಿಗಬಾರ್ದು ನೋಡಿ, ಅದಕ್ಕೆ." ನಾನು ತೊಂಬತ್ತೆಂಟು ಕೆಜಿ. ಅಂಗಳದಲ್ಲಿ ಮೂರು ಸುತ್ತು ಹೊಡೆದು ಇದೇ ಇರಲಿ ಎಂದೆ.

ಮಿಷನ್ ಬಂದ ದಿನ ಅರ್ಧ ಆಸ್ಪತ್ರೆಯೇ ಲಾನಿನ ಅಂಚಿಗೆ ಬಂದು ನಿಂತಿತ್ತು. ಕಡ್ಡಿಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಹತ್ತಿ ಕೂತು ಹಚ್ಚಿದ. ಮಿಷನ್ ಹತ್ತು ಹೆಜ್ಜೆ ದೂರ ಹೋಯಿತು, ಒಂದು ಸಣ್ಣ ಉಬ್ಬು ಬಂತು, ಇಂಜಿನ್ ಗಪ್ಪಾಯಿತು. ಮತ್ತೆ ಹಚ್ಚಿದ, ಮತ್ತೆ ನಿಂತಿತು. ಆರನೆಯ ಸಲಕ್ಕೆ ಎಲ್ಲರೂ ನಗತೊಡಗಿದರು.

ನನಗೆ ಥಟ್ಟನೆ ಹೊಳೆಯಿತು. ಆ ಸೀಟಿಗೆ ನನ್ನ ಭಾರ ಬೇಕು, ಅವನು ಕೂತದ್ದೇ ಅದಕ್ಕೆ ತಿಳಿಯುತ್ತಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ದೊಡ್ಡ ಡಾಕ್ಟರು ಕೇಳಿದರು: "ತಗೊಳ್ಳೋ ಮುಂಚೆ ಇವನನ್ನ ಕೂರಿಸಿ ನೋಡಿದ್ರಿ ತಾನೇ?"

ಹೂಂ ಎಂದುಬಿಟ್ಟೆ.

ಆಮೇಲೆ ಬಾಯಿಗೆ ಬೀಗ ಬಿತ್ತು. ತಿರುಪಿನ ಮಾತೆತ್ತಿದರೆ ಸುಳ್ಳೂ ಹೊರಗೆ ಬೀಳುತ್ತದೆ. ಅಷ್ಟರಲ್ಲಿ ಆಂಬುಲೆನ್ಸ್ ಡ್ರೈವರ್, ಅವನೂ ನನ್ನಂಥದೇ ಗಾತ್ರ, ಹತ್ತಿ ಕೂತು ನೀರು ಕುಡಿದಷ್ಟು ಸುಲಭವಾಗಿ ಓಡಿಸಿ ತೋರಿಸಿದ. 'ವಯಸ್ಸಿನ ಕಾರಣ ಯಂತ್ರ ನಡೆಸಲು ಅಸಮರ್ಥ' ಎಂಬ ಕಾಗದ ಮರುದಿನವೇ ನನ್ನ ಮೇಜಿಗೆ ಬಂತು. ಸಹಿ ಹಾಕಿದೆ. ಕಡ್ಡಿಯಣ್ಣನನ್ನು ನೆಲಮಾಳಿಗೆಯ ಲಾಂಡ್ರಿಗೆ ಹಾಕಿದರು, ಬೆಡ್‌ಶೀಟ್ ಮಡಚುವ ಕೆಲಸ. ಅಲ್ಲಿ ಕಿಟಕಿ ಇಲ್ಲ. ಎದುರಿಗೆ ಸಿಕ್ಕಿದರೆ "ಕ್ಷಮಿಸಿ ಸಾರ್, ನಿಮ್ಮ ಮರ್ಯಾದೆ ಉಳಿಸೋಕಾಗ್ಲಿಲ್ಲ" ಎನ್ನುತ್ತಿದ್ದ. ನಾನು ಸ್ಟೋರಿಗೆ ಹಿಂದಿನ ಬಾಗಿಲಿಂದ ಹೋಗುವುದನ್ನು ರೂಢಿ ಮಾಡಿಕೊಂಡೆ.

ನಾಲ್ಕು ತಿಂಗಳ ಮೇಲೆ ಅವನ ಹೆಂಡತಿ ಬಂದರು. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಸಾರ್, ಇನ್ನೊಂದೇ ಒಂದು ಅವಕಾಶ ಕೊಡಿ. ದಿನಾ ಅಡುಗೆಮನೆ ಸ್ಟೂಲ್ ಮೇಲೆ ಕೂತು ಅಭ್ಯಾಸ ಮಾಡ್ತಾರೆ. ಕಾಲ ಕೆಳಗೆ ಎರಡು ಚಪ್ಪಲಿ. ಒಂದು ಬ್ರೇಕಂತೆ, ಒಂದು ಕ್ಲಚ್ಚಂತೆ. ತಪ್ಪಿದ್ರೆ ತಲೆ ಚಚ್ಕೊಳ್ತಾರೆ. ನೋಡೋಕಾಗಲ್ಲ."

ಅವರನ್ನು ಕರೆದುಕೊಂಡು ನೇರ ಲಾಂಡ್ರಿಗೆ ಇಳಿದೆ. ಗಂಡ ಹೆಂಡತಿ ಇಬ್ಬರ ಮುಂದೆಯೂ ಕಾರಿನ ಸೀಟು, ತಿರುಪು, ಹೂಂ ಎಂದ ಸುಳ್ಳು, ಒಂದೂ ಬಿಡದೆ ಹೇಳಿದೆ. ಬೈಯಲಿ ಎಂದು ಕಾದೆ. ಅವನು ಕೈಯಲ್ಲಿದ್ದ ಬೆಡ್‌ಶೀಟನ್ನು ಪೂರ್ತಿ ಮಡಚಿಟ್ಟ.

"ಯಾವಾಗ ಗೊತ್ತಾಯ್ತು ಸಾರ್?"

"ಮೊದಲ್ನೇ ದಿನವೇ."

"ನಾನೇ ದಡ್ಡ ಅಂದ್ಕೊಂಡಿದ್ದೆ" ಎಂದ. ನನ್ನನ್ನು ನೋಡಲಿಲ್ಲ, ಹೆಂಡತಿಯ ಕಡೆ ತಿರುಗಿ ಹೇಳಿದ. ಆಕೆ ಬಾಯಿಗೆ ಸೆರಗು ಒತ್ತಿಕೊಂಡರು.

ದೊಡ್ಡ ಡಾಕ್ಟರ ಮುಂದೆಯೂ ಹೋಗಿ ಹೇಳಿದೆ. ಮುಖಕ್ಕೆ ಮಂಗಳಾರತಿ ಆಯಿತು, ಆಗಬೇಕಾದದ್ದೇ. ಮೆಕ್ಯಾನಿಕ್ ಬಂದು ತಿರುಪು ಸಡಿಲಿಸಿದ. ಐದು ನಿಮಿಷದ ಕೆಲಸ. ಇಂಜಿನ್ ನಿಲ್ಲದೆ ಓಡಿತು. ಕಾಗದ ಹರಿದುಹಾಕಿ, ಕಡ್ಡಿಯಣ್ಣನನ್ನು ಮತ್ತೆ ಲಾನಿಗೆ ಕಳಿಸಿದರು.

ಅಲ್ಲಿಗೆ ನನ್ನ ಪಾಪ ತೊಳೆದುಹೋಯಿತು ಎಂದುಕೊಂಡೆ. ಹಿಂದೆ ಇದೇ ಮನುಷ್ಯ ಹುಲ್ಲು ತುಳಿದರೆಂದು ದೊಡ್ಡ ಡಾಕ್ಟರನ್ನೇ ಗದರಿಸಿ ಆಚೆ ಕಳಿಸಿದ್ದುಂಟು. ಈಗ ಮಿಷನ್ ಹಚ್ಚುವ ಮುಂಚೆ ಪ್ರತಿ ಸಲವೂ ಸ್ಟೋರಿನ ಬಾಗಿಲಿಗೆ ಬರುತ್ತಾನೆ.

"ಸಾರ್, ಸರಿಯಾಗಿ ಕೂತಿದೀನಾ, ಒಂದು ಚೂರು ಬಂದು ನೋಡ್ತೀರಾ?"

ಹೋಗಿ ನೋಡುತ್ತೇನೆ. ಸರಿಯಾಗಿಯೇ ಕೂತಿರುತ್ತಾನೆ. ಸರಿ ಇದೆ ಕಡ್ಡಿಯಣ್ಣ ಎನ್ನುತ್ತೇನೆ. "ನಿಜವಾಗ್ಲೂ?" ಎಂದು ಇನ್ನೊಮ್ಮೆ ಕೇಳುತ್ತಾನೆ.