ಫಲಸಫಾ ಓದಿದ ಅತ್ತೆಯ ಮಗ

ಅವನು ಶೇರವಾನಿಯ ಗುಂಡಿಗಳನ್ನು ಎಂದೂ ಸರಿಯಾಗಿ ಹಾಕಿಕೊಂಡವನಲ್ಲ. ಮೇಲಿನದನ್ನು ಒಂದು ಕಾಜ ಬಿಟ್ಟು ಹಾಕಿ, ಅದೇ ತಪ್ಪನ್ನು ಕೆಳಗಿನ ತನಕ ಎಳೆದುಕೊಂಡು ಹೋಗುತ್ತಿದ್ದ. ಕಾಲರಿನ ಒಂದು ತುದಿ ಕಿವಿಗೆ ತಾಕುವಂತೆ ಎದ್ದು, ಇನ್ನೊಂದು ಎದೆಯ ಮೇಲೆ ಬಿದ್ದಿರುತ್ತಿತ್ತು. ರಾಯಚೂರಿನಲ್ಲಿ ರೈಲು ಇಳಿದು, ಮೋಟಾರು ಹತ್ತಿ, ಧೂಳು ಮೆತ್ತಿಕೊಂಡು ಲಿಂಗಸುಗೂರಿನ ನಮ್ಮ ಮನೆಗೆ ಬಂದಾಗ ಅವ್ವನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅದೇ.

"ಏನಪಾ, ಹೈದ್ರಾಬಾದಿನಾಗ ಗುಂಡಿ ಹಾಕ್ಕೊಳ್ಳೂದು ಕಲಸೂದಿಲ್ಲೇನು?"

"ಅದು ಮುಂದಿನ ವರ್ಷಕ್ಕೈತ್ರಿ ಅತ್ತೆವ್ವ," ಅನ್ನುತ್ತಿದ್ದ.

ಅವನು ನನ್ನ ಸೋದರತ್ತೆಯ ಮಗ, ಮಸ್ಕಿಯವನು. ನಾನು ಹುಟ್ಟಿದಾಗ ಅತ್ತೆ ತೊಟ್ಟಿಲಿಗೆ ಕುಪ್ಪಸದ ಕಣ ಹಾಕಿ "ಇಕಿ ನಮ್ಮಾಕಿ" ಅಂದುಬಿಟ್ಟಿದ್ದಳಂತೆ. ಆಮೇಲೆ ಆ ವಿಷಯವನ್ನು ಯಾರೂ ಮಾತಾಡಲಿಲ್ಲ, ಮಾತಾಡುವ ಅಗತ್ಯವೂ ಇರಲಿಲ್ಲ. ಅವನ ಬಿ.ಎ. ಮುಗಿಯಲಿ ಎಂದು ನನ್ನನ್ನು ಕಾಯಿಸಿದರು. ಹದಿನೆಂಟು ತುಂಬಿದ ಹುಡುಗಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದಾರೆಂದು ಓಣಿಯ ಹೆಂಗಸರು ನೀರಿನ ಬಾವಿಯ ಹತ್ತಿರ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ನನಗೇನು? ರಜೆಗೆ ಅವನು ಮಸ್ಕಿಗೆ ಹೋಗುವ ಮೊದಲು ನಮ್ಮಲ್ಲಿ ಇಳಿಯುತ್ತಿದ್ದ. ನನಗೆ ವರ್ಷವೆಂದರೆ ಆ ಕೆಲವು ದಿನಗಳೇ ಆಗಿದ್ದವು.

ಅವನು ಓದುತ್ತಿದ್ದದ್ದು ಫಲಸಫಾ. ನಮ್ಮ ಕನ್ನಡದವರು ತತ್ವಶಾಸ್ತ್ರ ಅನ್ನುವುದನ್ನು ಹೈದರಾಬಾದಿನ ಕಾಲೇಜಿನಲ್ಲಿ ಉರ್ದುವಿನಲ್ಲಿ ಕಲಿಸುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ಕೂತ ಅಪ್ಪನಿಗೆ ಒಂದೇ ಚಿಂತೆ, ಇದನ್ನು ಓದಿದರೆ ತಹಶೀಲ್ದಾರ ಆಗಲಿಕ್ಕೆ ಬರುತ್ತದೋ ಇಲ್ಲವೋ. ಅವನ ತರಗತಿಯಲ್ಲಿ ಇದ್ದದ್ದೇ ನಾಲ್ಕೈದು ಜನ, ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಗುಲ್ಬರ್ಗಾದವನೊಬ್ಬ ದೇವರು ಇದ್ದಾನೆಂದು ಸಾಧಿಸಿಯೇ ತೀರುತ್ತೇನೆಂದು ಹಟ ಹಿಡಿದಿದ್ದ. ಇನ್ನೊಬ್ಬನಿಗೆ ಚೆಲುವು ವಸ್ತುವಿನಲ್ಲಿದೆಯೋ ಕಣ್ಣಿನಲ್ಲಿದೆಯೋ ಎಂಬ ಚಿಂತೆ. ಔರಂಗಾಬಾದಿನವನೊಬ್ಬ ಕಾಲವೆಂಬುದು ನಿಜವಾಗಿ ಇದೆಯೇ ಎಂದು ಯೋಚಿಸುತ್ತ ದಿನಾ ತಡವಾಗಿ ಬಂದು ಬೈಸಿಕೊಳ್ಳುತ್ತಿದ್ದನಂತೆ. ನಮ್ಮವನು ಹಿಡಿದದ್ದು ಇಖ್ತಿಯಾರ್. ಮನುಷ್ಯ ತಾನೇ ಆರಿಸಿಕೊಂಡು ನಡೆಯುತ್ತಾನೋ, ಅಥವಾ ಎಲ್ಲ ಮೊದಲೇ ನಿಶ್ಚಯವಾಗಿರುತ್ತದೋ ಎಂಬ ವಿಚಾರ.

ಅವನದೊಂದು ರೀತಿ ಇತ್ತು. ಉರ್ದುವಿನಲ್ಲಿ ಕಲಿತದ್ದನ್ನು ಅವ್ವನ ಒಲೆಯ ಮುಂದೆ ಕೂತು ನಮ್ಮ ಮಾತಿನಲ್ಲಿ ಹೇಳಿ ನೋಡುತ್ತಿದ್ದ. "ರೊಟ್ಟಿ ಬಡಿಯೂ ಮುಂದ ಹೇಳಾಕ ಬರಲಿಲ್ಲಂದ್ರ ನನಗ ಇನ್ನೂ ತಿಳಿದಿಲ್ಲಂತ ಅರ್ಥ," ಅನ್ನುತ್ತಿದ್ದ.

"ಅತ್ತೆವ್ವ, ನೀವೀಗ ರೊಟ್ಟಿ ಬಡಿಯಾಕತ್ತೀರಿ. ಬ್ಯಾಡ ಅನಿಸಿದ್ರ ಬಿಡಾಕ ಬರ್ತದೇನ್ರಿ ನಿಮಗ?"

"ಬಿಟ್ಟೆನಂದ್ರ ನೀ ಏನು ಉಣ್ಣಾಂವ?"

"ಅದಲ್ರೀ..."

"ಅದೇ ನೋಡಪಾ. ತಾಟು ಮುಂದ ಮಾಡು."

ಅವನು ನಗುತ್ತ ತಾಟು ಮುಂದೆ ಮಾಡುತ್ತಿದ್ದ, ಆದರೆ ಬಿಡುತ್ತಿರಲಿಲ್ಲ. ರೊಟ್ಟಿ ತಣ್ಣಗಾಗುವ ತನಕ ಇನ್ನೊಂದು ದಾರಿಯಿಂದ ಹೇಳುತ್ತಿದ್ದ. ಅವ್ವನಿಗೆ ಬೇಸರವಾಗಿ ಎದ್ದು ಹೋದರೆ ಕೇಳುವವಳು ನಾನೊಬ್ಬಳೇ. ಹಿಟ್ಟು ಸೋಸುತ್ತ ತಲೆ ತಗ್ಗಿಸಿಯೇ ಕೇಳುತ್ತಿದ್ದೆ. ಹಾಗೆ ಕೂತಾಗ ಒಂದು ದಿನ ನನ್ನ ಬಾಯಿಂದ ಮಾತು ಜಾರಿತು.

"ಆ ಇಖ್ತಿಯಾರ್ ನನಗೂ ಐತೇನು?"

ಅವನು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದ. "ಪುಸ್ತಕದಾಗ ಮನಷ್ಯಾ ಅಂತ ಬರದಾರ," ಅಂದ. "ಓದೂ ಮುಂದ ನಾ ಗಂಡಸರನ್ನೇ ಕಣ್ಮುಂದ ಇಟ್ಕೊಂಡಿದ್ದೆ ನೋಡು. ನೀನೂ ಬರ್ತಿ ಅದರಾಗ. ಬರಬೇಕು." ಆ ಊಟ ಅವನಿಗೆ ಸೇರಲಿಲ್ಲ. ಹಿತ್ತಲಿಗೂ ಪಡಸಾಲೆಗೂ ಅಡ್ಡಾಡುತ್ತಲೇ ಇದ್ದ. ನನಗಂತೂ ಯಾರೋ ಒಡವೆ ತೊಡಿಸಿದ ಹಾಗಾಗಿತ್ತು.

ಕೊನೆಯ ಪರೀಕ್ಷೆಗೆ ಮುಂಚಿನ ರಜೆಯಲ್ಲಿ ನಿಶ್ಚಯಕ್ಕೆ ದಿನ ಗೊತ್ತಾಯಿತು. ಮಸ್ಕಿಯಿಂದ ಎರಡು ಸವಾರಿ ಬಂಡಿ ಬಂದವು. ಅತ್ತೆ, ಅವನ ದೊಡ್ಡಪ್ಪ, ನಾಲ್ಕು ಜನ ಹಿರಿಯರು. ಪಡಸಾಲೆಯಲ್ಲಿ ಜಮಖಾನ ಹಾಸಿ ಎಲೆ ಅಡಿಕೆಯ ತಟ್ಟೆ ಇಟ್ಟರು. ನಮ್ಮ ಕಡೆ ಹುಡುಗಿಯನ್ನು ತಂದು ಕೂರಿಸಿ "ಒಪ್ಪಿಗೆ ಏನವಾ?" ಎಂದು ಹಿರಿಯರು ಕೇಳುವ ರೂಢಿ ಉಂಟು. ಹುಡುಗಿ ತಲೆ ತಗ್ಗಿಸಿ ಸುಮ್ಮನಿರಬೇಕು. ಸುಮ್ಮನಿದ್ದರೆ ಒಪ್ಪಿಗೆ. ಬಾಯಿ ತೆರೆದವಳನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ದೊಡ್ಡಪ್ಪ ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ತಟ್ಟೆಗೆ ಕೈ ಹಾಕಿದರು.

"ದೊಡ್ಡಪ್ಪ, ತಡೀರಿ," ಅಂದ ಅವನು. "ತಲಿ ಬಗ್ಗಿಸಿದ್ದು ಒಪ್ಪಿಗಿ ಹ್ಯಾಂಗಾಗ್ತದ? ಇಲ್ಲ ಅನ್ನಾಕ ದಾರಿ ಇಲ್ಲದಾಕಿ ಹೂಂ ಅಂದ್ರ ಅದು ಹೂಂ ಅಲ್ಲ. ಆಕಿ ಬಾಯಿಂದ ಬರಲಿ."

ಎಲ್ಲರೂ ನನ್ನನ್ನು ನೋಡಿದರು. ನಾನು ಅವನನ್ನು ನೋಡಿದೆ. ನಾನು ಏನು ಹೇಳುತ್ತೇನೆಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಹೆದರಿದ್ದ ಕೂಡ. ತೊಟ್ಟಿಲಲ್ಲಿ ಹಿರಿಯರು ಕೊಟ್ಟ ಮಾತನ್ನೇ ತಿರುಗಿ ಒಪ್ಪಿಸಿದರೆ ಅವನಿಗೆ ಅನ್ಯಾಯವಾದೀತು ಎಂದು ನನಗೆ ಅನ್ನಿಸಿತು. ಅವನು ಕೇಳಿದ್ದಕ್ಕೆ ತಕ್ಕ ಉತ್ತರ ಕೊಡಬೇಕೆಂಬ ಆಸೆಯಾಯಿತು. "ಯೋಚನೆ ಮಾಡಿ ಹೇಳ್ತೀನ್ರಿ," ಅಂದೆ.

ಅವನ ಮುಖ ಅರಳಿತು. ಅಂಥ ಸಂತೋಷವನ್ನು ನಾನು ಆಮೇಲೆ ಯಾರ ಮುಖದಲ್ಲೂ ಕಂಡಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ತಟ್ಟೆಯನ್ನು ದೂರ ತಳ್ಳಿ ಎದ್ದು ನಿಂತಿದ್ದರು.

"ನಮ್ಮ ಹುಡುಗನಾಗ ಯೋಚನೆ ಮಾಡೂವಂಥಾದ್ದು ಏನೈತಿ? ಏಳ್ರಿ, ಬಂಡಿ ಹೂಡ್ರಿ."

"ನಾಳಿ ಹೇಳ್ತಾಳ್ರಿ ದೊಡ್ಡಪ್ಪ, ಅದರಾಗೇನು ತಪ್ಪೈತಿ?"

"ನೀ ಬಾಯಿ ಮುಚ್ಚು. ಓದಿ ಕೆಟ್ಟಿ."

ಅತ್ತೆ ಅಳುತ್ತ ಬಂಡಿ ಹತ್ತಿದಳು. ಅಪ್ಪ ಕಂಬಕ್ಕೆ ಆತು ನಿಂತೇ ಇದ್ದ. ಹೊಸ್ತಿಲಲ್ಲಿ ಜೋಡು ಮೆಟ್ಟಿಕೊಳ್ಳುತ್ತ ಅವನು ನನಗಷ್ಟೇ ಕೇಳುವಂತೆ, "ಅವಸರ ಮಾಡಬ್ಯಾಡ. ಸಾವಕಾಶ ಯೋಚನೆ ಮಾಡು. ಪರೀಕ್ಷಾ ಮುಗಿಸಿ ಬರ್ತೀನಿ, ಆವಾಗ ಹೇಳು," ಅಂದ. ಹಿರಿಯರ ಸಿಟ್ಟು ಅಷ್ಟರಲ್ಲಿ ಇಳಿಯುತ್ತದೆ ಅಂದುಕೊಂಡಿದ್ದ ಪುಣ್ಯಾತ್ಮ. ಇಖ್ತಿಯಾರಿನ ಬಗ್ಗೆ ಅಷ್ಟು ಓದಿದವನಿಗೆ ನಮ್ಮ ಮನೆಯವರ ಮರ್ಯಾದೆಯ ಬಗ್ಗೆ ಇಷ್ಟೂ ತಿಳಿದಿರಲಿಲ್ಲ.

ಅವನ ಪರೀಕ್ಷೆ ಮುಗಿಯುವುದರೊಳಗೆ ನನ್ನನ್ನು ಮುದಗಲ್ಲಿಗೆ ಕೊಟ್ಟರು. ಈ ಸಲ ಯಾರೂ ತಡೆಯಲಿಲ್ಲ, ನಾನು ತಲೆ ತಗ್ಗಿಸಿದ್ದೇ ಸಾಕಾಯಿತು. ರಜೆಗೆ ಬಂದವನಿಗೆ ಸುದ್ದಿ ಹೇಳಿದ್ದು ಅವ್ವ. ಅವನು ಒಲೆಯ ಮುಂದೆ ಕೂತು ಬಡಿಸಿದ್ದನ್ನು ಉಂಡು, ಏನೂ ಕೇಳದೆ ಎದ್ದು ಮಸ್ಕಿಗೆ ಹೋದನಂತೆ.

ಮುದಗಲ್ಲಿಗೆ ಒಂದೇ ಸಲ ಬಂದಿದ್ದ. ನನ್ನ ಕಂಕುಳಲ್ಲಿ ಆಗ ಕೂಸಿತ್ತು. ಪಾಸಾಗಿ ಹೈದರಾಬಾದಿನಲ್ಲೇ ಮಾಸ್ತರಿಕೆ ಸಿಕ್ಕಿದ್ದನ್ನು ನನ್ನ ಯಜಮಾನರಿಗೆ ಹೇಳಿದ. ಅವರು ಒಳ್ಳೆಯವರು, ಚಹಾ ತರಲು ಹೇಳಿ ತಾವೇ ಅಂಗಡಿಯಿಂದ ಬಿಸ್ಕೀಟು ತರಲು ಎದ್ದು ಹೋದರು. ಅವನು ಕೂಸಿನ ಅಂಗಾಲು ಮುಟ್ಟಿ, "ಒಂದು ಮಾತು ಕೇಳಬೇಕಂತ ಬಂದಿದ್ದೆ," ಅಂದ. "ಈಗ ಕೇಳೂದು ನ್ಯಾಯ ಅಲ್ಲ. ಕೇಳೂದಿಲ್ಲ." ನಾನು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡೆ.

ಮುಂದಿನ ಮಳೆಗಾಲದಲ್ಲಿ ವಿಷಮಜ್ವರ ಬಂದು ಹೈದರಾಬಾದಿನಲ್ಲೇ ತೀರಿಕೊಂಡ. ಮಣ್ಣು ಅಲ್ಲೇ ಆಯಿತು. ಅತ್ತೆಗೂ ಮುಖ ನೋಡಲು ಸಿಗಲಿಲ್ಲ.

ಈಗ ನನಗೆ ಮೊಮ್ಮಕ್ಕಳಿದ್ದಾರೆ. ನನ್ನ ಇಡೀ ಬದುಕಿನಲ್ಲಿ ನಿನಗೇನು ಬೇಕು ಎಂದು ಕೇಳಿ, ಉತ್ತರಕ್ಕೆ ಕಾದು ನಿಂತವನು ಅವನೊಬ್ಬನೇ. ಆ ಋಣ ತೀರುವಂಥದ್ದಲ್ಲ. ಅವನು ಇನ್ನೂ ಬೇಕು ಅನ್ನಿಸುತ್ತದೆ, ಈ ವಯಸ್ಸಿನಲ್ಲೂ ಅನ್ನಿಸುತ್ತದೆ. ಅವನಿಗೆ ಹೇಳಬೇಕಾದದ್ದು ದೊಡ್ಡದೇನಲ್ಲ. ಅವತ್ತು ನಾನು ಬಹಳ ಹೊತ್ತು ಯೋಚನೆ ಮಾಡಲಿಲ್ಲ. ಮಸ್ಕಿಯ ಬಂಡಿಗಳು ನಮ್ಮ ಓಣಿ ದಾಟುವುದರೊಳಗೆ ಯೋಚನೆ ಮುಗಿದಿತ್ತು. ಹೂಂ ಅಂತಲೇ.