ಕೂಡಕ್ಕ ತಾಳೆ ನೋಡಿದ ಪುಸ್ತಕ

ಗಣಿತ ಸಂಸ್ಥೆಯ ಮೂರನೇ ಮಹಡಿಯಲ್ಲಿ ಅವಳನ್ನು ಎಲ್ಲರೂ ಕೂಡಕ್ಕ ಎನ್ನುತ್ತಿದ್ದರು. ಕೂಡಿಸುವುದೇ ಅವಳ ಉದ್ಯೋಗ. ಒಂದೊಂದು ಸಂಖ್ಯೆಯೂ ಅರವತ್ತು ಅಂಕಿ ಉದ್ದ, ಚೌಕುಳಿ ಕಾಗದದ ಈ ತುದಿಯಿಂದ ಆ ತುದಿಗೆ. ಕಂಪ್ಯೂಟರ್ ಇರಲಿಲ್ಲವೆಂದಲ್ಲ. ಹದಿನೈದು ಅಂಕಿ ದಾಟಿತೋ, ಅದು ಬಾಲದ ಅಂಕಿಗಳನ್ನೆಲ್ಲ ಸೊನ್ನೆ ಮಾಡಿ ಕೈತೊಳೆದುಕೊಳ್ಳುತ್ತಿತ್ತು. ಕೂಡಕ್ಕ ಮಾತ್ರ ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪು ಮೊತ್ತಕ್ಕೂ ಸಹಿ ಹಾಕಿದವಳಲ್ಲ. ಮನೆಯಲ್ಲಿ ಗಂಡನೂ ಅವಳೊಡನೆ ವಾದಕ್ಕಿಳಿಯುವ ಧೈರ್ಯ ಮಾಡುತ್ತಿರಲಿಲ್ಲ.

ಆಮೇಲೆ ಹೊಸ ಪ್ರೋಗ್ರಾಮರ್ ಬಂದ. ಹೆಸರು, ವಿಳಾಸ ಬರೆದಿಡುವ ಹಾಗೆ ಸಂಖ್ಯೆಯನ್ನೂ ಅಕ್ಷರಗಳ ಸಾಲಾಗಿ ಇಟ್ಟರಾಯಿತು, ಎಷ್ಟುದ್ದ ಬೇಕಾದರೂ ಇರಲಿ ಎಂದ. ಆದರೆ ಅಂಥ ಸಾಲನ್ನು ಕೂಡಿಸಲು ಯಂತ್ರಕ್ಕೆ ಬಾರದು, ಅಂಕಿ ಅಂಕಿಯಾಗಿ ಕಲಿಸಬೇಕು. ಅದಕ್ಕೇ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ.

"ಬಲಗಡೆ ತುದಿಯಿಂದ ಹಿಡೀಬೇಕಪ್ಪಾ. ಒಂಬತ್ತು ದಾಟಿದ್ರೆ ಒಂದನ್ನ ಕೈಯಲ್ಲಿಟ್ಕೊಂಡು ಎಡಗಡೆ ಮನೆಗೆ ಹೋಗು."

ತಿಂಗಳಲ್ಲಿ ಪ್ರೋಗ್ರಾಮ್ ಸಿದ್ಧವಾಯಿತು. ಅದು ಸರಿಹೋದರೆ ಕೂಡಕ್ಕನ ಹುದ್ದೆ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ತಾಳೆ ನೋಡಲು ಕೊಟ್ಟಿದ್ದೂ ಅವಳಿಗೇ. ಅರವತ್ತು ಐದುಗಳ ಸಾಲಿಗೆ ಅಂಥದೇ ಸಾಲನ್ನು ಯಂತ್ರದಿಂದ ಕೂಡಿಸಿ ನೋಡಿದಳು. ಉತ್ತರ ಮೊದಲಿನದಕ್ಕಿಂತ ಚಿಕ್ಕದಾಗಿ ಬಂತು. ಕೊನೆಗೆ ಕೈಯಲ್ಲಿ ಉಳಿದ ಒಂದನ್ನು ಯಂತ್ರ ಬರೆದೇ ಇರಲಿಲ್ಲ.

ಮಧ್ಯಾಹ್ನವೆಲ್ಲ ಆ ಉತ್ತರದ ಹಾಳೆಯನ್ನು ಮೇಜಿನ ಖಾನೆಯಲ್ಲೇ ಇಟ್ಟುಕೊಂಡಳು. ಸಂಜೆ ತಡೆಯಲಾಗದೆ ಪ್ರೋಗ್ರಾಮರ್‌ಗೆ ಹೇಳಿಬಿಟ್ಟಳು.

"ನೀವಿಲ್ದಿದ್ರೆ ನನ್ನ ಮಾನ ಹೋಗ್ತಿತ್ತು ಅಕ್ಕ," ಎಂದ ಅವನು, ಅಲ್ಲೇ ತಿದ್ದಿದ.

ಸೋಮವಾರ ನಿರ್ದೇಶಕರು ಕರೆಸಿದರು. "ತಪ್ಪು ನೀವೇ ಹಿಡಿದ್ರಿ, ಇನ್ನು ನಮಗೆ ಚಿಂತೆಯಿಲ್ಲ ನೋಡಿ," ಎಂದು ನಗುತ್ತಲೇ ಟಪಾಲು ವಿಭಾಗದ ವರ್ಗಾವಣೆ ಪತ್ರ ಕೊಟ್ಟರು. ಎಂಥ ಕೃತಜ್ಞತೆ! ಕೂಡಕ್ಕ ನೆಲಮಹಡಿಗೆ ಇಳಿದು ಲಕೋಟೆಗಳಿಗೆ ಅಂಟು ಹಚ್ಚತೊಡಗಿದಳು.

ಎರಡು ವಾರದ ಮೇಲೆ ಪ್ರೋಗ್ರಾಮರ್ ಕಾಗದದ ಕಂತೆ ಹಿಡಿದು ಅಲ್ಲಿಗೂ ಬಂದ. ಯಂತ್ರ ಕೂಡಿಸಿದ ಲೆಕ್ಕಗಳನ್ನೆಲ್ಲ ಸಂಸ್ಥೆ ಪುಸ್ತಕವಾಗಿ ತರಲಿತ್ತು. "ಅಚ್ಚಿಗೆ ಹೋಗೋ ಮೊದಲು ನೀವೊಂದ್ಸಲ ಕಣ್ಣಾಡಿಸಿಬಿಡಿ ಅಕ್ಕ."

ನಾಲ್ಕನೇ ಪುಟದಲ್ಲೇ ಕಣ್ಣು ನಿಂತಿತು. ಅರವತ್ತು ಅಂಕಿಗೆ ನಲವತ್ತು ಅಂಕಿ ಕೂಡಿಸಿದ ಲೆಕ್ಕ. ಚಿಕ್ಕ ಸಂಖ್ಯೆ ಮುಗಿದ ಕಡೆ ಕೈಯಲ್ಲಿದ್ದ ಒಂದು ಬಿಟ್ಟುಹೋಗಿತ್ತು. ಹೀಗೆ ಉದ್ದ ಹೊಂದದ ಕಡೆ ಇನ್ನೆಷ್ಟು ಬಿಟ್ಟಿದೆಯೋ. ಒಂದು ಸಲ ಹೇಳಿ ಕುರ್ಚಿ ಕಳೆದುಕೊಂಡದ್ದು ಸಾಲದೇ?

"ಸರಿಯಾಗಿದೆ," ಎಂದಳು.

ಪುಸ್ತಕ ಅಚ್ಚಾಗಿ ಬಂತು. ಇನ್ನೂರು ಪ್ರತಿ, ಇನ್ನೂರು ವಿಳಾಸ. ಎಲ್ಲ ಕಟ್ಟಿ ಕಳಿಸಿದವಳು ಅವಳೇ. ಕೊನೆಯ ಪ್ರತಿ ಕಟ್ಟುವಾಗ ಸುಮ್ಮನೆ ತೆರೆದು ನೋಡಿದಳು. ಮೊದಲ ಪುಟದಲ್ಲಿ, ತಾಳೆ ನೋಡಿದವರು ಎಂಬಲ್ಲಿ, ಅವಳ ಪೂರ್ತಿ ಹೆಸರಿತ್ತು. ಹುಟ್ಟಿದ ಮೇಲೆ ಅದು ಅಚ್ಚಾದದ್ದು ಅದೇ ಮೊದಲು. ನಿರ್ದೇಶಕರು ಬೇಡವೆಂದರೂ ಪ್ರೋಗ್ರಾಮರ್ ಹಟ ಹಿಡಿದು ಹಾಕಿಸಿದ್ದನಂತೆ.