ಸಾಫ್ ಮಾಡಿದ ಎಕ್ಸ್-ರೇ

ಡಾಕ್ಟರಬಾಯಿಯ ಬಲಗೈ ಹೆಬ್ಬೆರಳು ಅಗಲವಾಗಿ, ಚಪ್ಪಟೆಯಾಗಿತ್ತು. ಉಗುರನ್ನು ಬುಡದವರೆಗೆ ಕತ್ತರಿಸಿರುತ್ತಿದ್ದರು. ಹುಮನಾಬಾದಿನ ಬಜಾರದ ಹಿಂದಿದ್ದ ಅವರ ದವಾಖಾನೆಗೆ ಹೋಗಿಬಂದವರು ಮೊದಲು ನೆನೆಯುವುದು ಆ ಬೆರಳನ್ನೇ. ಎಲ್ಲಿ ನೋವು ಎಂದು ಕೇಳಿ, ತೋರಿಸಿದಲ್ಲಿ ಅದನ್ನು ಒತ್ತುತ್ತಿದ್ದರು. ಒತ್ತುವಾಗ ನಮ್ಮ ಕೈಕಾಲು ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. "ಮಂದಿ ನೋವು ಮುಚ್ಚಿಡ್ತಾರ, ಹುಬ್ಬು ಮುಚ್ಚಿಡಂಗಿಲ್ಲ" ಎನ್ನುತ್ತಿದ್ದರು.

ಸಿಟ್ಟು ಅವರಿಗೆ ಮೂಗಿನ ತುದಿಯಲ್ಲಿತ್ತು. "ಸಲಾಯಿನ್ ಹಚ್ರಿ ಬಾಯಾರ, ಶಕ್ತಿ ಬರ್ತದ" ಎಂದು ಬಂದವರಿಗೆ "ಮನಿಗಿ ಹೋಗಿ ಬ್ಯಾಳಿ ಉಣ್ಣು" ಎಂದು ಕಳಿಸಿಬಿಡುತ್ತಿದ್ದರು. ಹಾಗಾಗಿ ಅರ್ಧ ಊರು ಸಲಾಯಿನ್ ಹಚ್ಚುವ ಇನ್ನೊಬ್ಬರ ಕಡೆ ಹೋಗುತ್ತಿತ್ತು. ಫ್ಲಾಪಿ ಹೋಗಿ ಸೀಡಿ ಬಂದ ಆ ಕಾಲದಲ್ಲಿ ಅವರಿಗೊಂದು ಹುಚ್ಚು ಹಿಡಿಯಿತು. ಡಿಜಿಟಲ್ ಕ್ಯಾಮೆರಾ ತಂದು, ಎಕ್ಸ್-ರೇ ಫಿಲ್ಮನ್ನು ಬೆಳಕಿನ ಡಬ್ಬಿಗೆ ಹಚ್ಚಿ ಫೋಟೋ ತೆಗೆಯತೊಡಗಿದರು. ದೂರದ ದೊಡ್ಡ ಡಾಕ್ಟರರಿಗೆ ಮೇಲ್ ಮಾಡಿ ಸಲಹೆ ಕೇಳಬಹುದಲ್ಲ ಎಂಬುದು ಅವರ ಲೆಕ್ಕ. ಆದರೆ ಆ ಫೋಟೋಗಳು ಭಾರವಾಗಿ ಮೇಲ್ ಹೋಗುತ್ತಿರಲಿಲ್ಲ. ಸಣ್ಣದು ಮಾಡಲು ಹೋದರೆ ಕಂಪ್ಯೂಟರು ಬೇಡವೆಂದು ತೋರಿದ್ದನ್ನೆಲ್ಲ ಎಸೆದುಬಿಡುತ್ತಿತ್ತು. ಕೊನೆಗೆ ಒಂದು ಚುಕ್ಕೆಯನ್ನೂ ಕಳೆಯದೆ ಫೈಲನ್ನು ಸಣ್ಣದು ಮಾಡುವ ತಂತ್ರಾಂಶ ಎಲ್ಲಿಂದಲೋ ಹುಡುಕಿ ತಂದರು. ಅಲ್ಲಿಂದ ಮುಂದೆ ಕೆಮ್ಮಿಗೆ ಔಷಧ ಕೇಳಿ ಬಂದವರಿಗೂ ಅದರ ಪಾಠ ತಪ್ಪಲಿಲ್ಲ. "ಸೀರಿ ಪೆಟ್ಟಿಗ್ಯಾಗ ಹಿಡೀಲಿಲ್ಲಂದ್ರ ಮಡಚಿ ಇಡಬೇಕು. ಸೆರಗು ಕತ್ತರಿಸಿ ಇಡ್ತೀರೇನು?" ಎಂದು ಕೇಳುತ್ತಿದ್ದರು. ಕೆಮ್ಮಿನವರು "ಇಲ್ರಿ" ಎಂದು ತಲೆಯಾಡಿಸುತ್ತಿದ್ದರು.

ನಾನು ಬಸವಕಲ್ಯಾಣದ ಹುಡುಗಿ, ಹುಮನಾಬಾದಿಗೆ ಕೊಟ್ಟಿದ್ದರು. ಮದುವೆಯಾದ ವರ್ಷವೇ ಹಿತ್ತಲ ನೀರಿನ ಹೌದಿನ ಬಳಿ ಜಾರಿ, ಬಲಗೈ ಊರಿ ಬಿದ್ದೆ. ಮೊದಮೊದಲು ಅತ್ತೆ ತಾವೇ ಎಣ್ಣೆ ಹಚ್ಚಿ ತಿಕ್ಕಿದರು, ಸುಳ್ಳು ಹೇಳಬಾರದು. ಆದರೆ ಬಾವು ಇಳಿದು ಎರಡು ವಾರವಾದರೂ ನೋವು ಹೋಗಲಿಲ್ಲ. ಜೋಳದ ರೊಟ್ಟಿ ಬಡಿಯಲು ಅಂಗೈ ಇಟ್ಟರೆ ಮೊಳಕೈವರೆಗೆ ಸೆಳೆಯುತ್ತಿತ್ತು. ಆಗ ಅತ್ತೆಯ ಮಾತು ತಿರುಗಿತು. "ಬಾವಿಲ್ಲ, ಏನಿಲ್ಲ. ರೊಟ್ಟಿ ಬಡಿ ಅಂದ್ರ ನಖರಾ ಮಾಡಾಕತ್ತಾಳ" ಎಂದು ನೆರೆಮನೆಯವರಿಗೆ ಹೇಳುವುದು ನನ್ನ ಕಿವಿಗೇ ಬೀಳುತ್ತಿತ್ತು. ಗಂಡ ಕೇಳಿಯೂ ಕೇಳದವರಂತೆ ಪೇಪರ್ ಓದುತ್ತಿದ್ದರು. ಇಷ್ಟು ವರ್ಷವಾದ ಮೇಲೂ ಇದನ್ನು ಬರೆಯುವಾಗ ನನ್ನ ಮೈ ಉರಿಯುತ್ತದೆ.

ಯಾರನ್ನೂ ಕೇಳದೆ ಡಾಕ್ಟರಬಾಯಿಯ ಕಡೆ ಹೋದೆ. ಅವರು ನನ್ನ ಹೆಬ್ಬೆರಳಿನ ಬುಡದ ತಗ್ಗಿನಲ್ಲಿ ತಮ್ಮ ಹೆಬ್ಬೆರಳು ಒತ್ತಿದರು. ಚೀರಿದೆ. "ಮುರ್ದದ" ಎಂದರು, ಎಕ್ಸ್-ರೇ ತೆಗೆಯುವ ಮೊದಲೇ. ಫಿಲ್ಮಿನಲ್ಲಿ ಮಣಿಕಟ್ಟಿನ ಒಂದು ಸಣ್ಣ ಎಲುಬಿನ ಮೇಲೆ ಕೂದಲಿನಂಥ ಗೆರೆಯಿತ್ತು. "ಈ ಎಲುಬಿಗಿ ರಕ್ತ ಕಡಿಮಿ ಹೋಗ್ತದ. ಹಿಂಗೇ ಬಿಟ್ರ ಎಲುಬು ಸಾಯ್ತದ, ಕೈ ಜನ್ಮಕ್ಕ ಹೋಗ್ತದ" ಎಂದರು. ಪ್ಲಾಸ್ಟರೋ ಆಪರೇಷನ್ನೋ ಎಂದು ಹೇಳಬೇಕಾದವರು ಸೊಲ್ಲಾಪುರದಲ್ಲಿದ್ದ, ಅವರ ಜೊತೆ ಓದಿದ್ದ ಎಲುಬಿನ ಡಾಕ್ಟರು. ನಖರಾದ ಸೊಸೆಯನ್ನು ಸೊಲ್ಲಾಪುರಕ್ಕೆ ಕರೆದೊಯ್ಯುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಡಾಕ್ಟರಬಾಯಿಯೇ ನನ್ನ ಕೈಗೆ ಪಟ್ಟಿ ಕಟ್ಟಿ, ಫಿಲ್ಮಿನ ಫೋಟೋವನ್ನು ಸೀಡಿಗೆ ಹಾಕಿ, ಬಸ್ ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಅಂಗಡಿಯವನಿಗೆ ಕೊಟ್ಟರು. ಇಂಟರ್ನೆಟ್ ಇದ್ದದ್ದು ಅವನ ಹತ್ತಿರ. ಏನೂ ಕಳೆಯದಂತೆ ಹೇಗೆ ಸಣ್ಣದು ಮಾಡಬೇಕೆಂದು ತೋರಿಸಿ, ಪೇಷಂಟುಗಳು ಕಾಯುತ್ತಿದ್ದಾರೆಂದು ಹಿಂದಿರುಗಿದರು.

ಮರುದಿನ ಸೊಲ್ಲಾಪುರದಿಂದ ದವಾಖಾನೆಗೆ ಫೋನು ಬಂತು. ಎಲುಬು ಸಾಫ್ ಇದೆ, ಮುರಿದಿಲ್ಲ, ಕೈ ಆಡಿಸಲಿ ಎಂದು.

ಸುದ್ದಿ ನನಗಿಂತ ಮೊದಲು ಮನೆ ಸೇರಿತು. "ದೊಡ್ಡ ಡಾಕ್ಟರೇ ಹೇಳ್ಯಾರ. ಈಗೇನಂತಿ?" ಎಂದು ಅತ್ತೆ ಪಟ್ಟಿ ಬಿಚ್ಚಿಸಿದರು. ಆ ಸಂಜೆ ಮನೆಮಂದಿಗೆಲ್ಲ ರೊಟ್ಟಿ ಬಡಿದೆ. ಕಣ್ಣೀರು ಹಿಟ್ಟಿಗೆ ಬೀಳದಂತೆ ಮುಖ ತಿರುಗಿಸಿಕೊಂಡು ಬಡಿದೆ. "ನೋಡು, ಬಡಿಯಾಕ ಬರ್ತದ" ಎಂದರು ಅತ್ತೆ. ಕೈ ನೋವಿಗಿಂತ ನಾನು ಸುಳ್ಳಿಯಾದದ್ದು ಹೆಚ್ಚು ನೋಯಿಸಿತು.

ಡಾಕ್ಟರಬಾಯಿ ಮಾತ್ರ ನಂಬಲಿಲ್ಲ. ಅಂದರೆ, ಸೊಲ್ಲಾಪುರದ ಮಾತನ್ನು ನಂಬಲಿಲ್ಲ, ನನ್ನನ್ನು ನಂಬಿದರು. "ನಡಿ" ಎಂದು ನನ್ನನ್ನು ಕರೆದುಕೊಂಡು ಅಂಗಡಿಗೆ ಹೋಗಿ, ಕೊಟ್ಟ ಫೋಟೋ, ಕಳಿಸಿದ ಫೋಟೋ ಎರಡನ್ನೂ ಪರದೆಯ ಮೇಲೆ ತೆರೆಸಿದರು. ಒಂದರಲ್ಲಿ ಗೆರೆಯಿತ್ತು. ಇನ್ನೊಂದರಲ್ಲಿ ಎಲುಬು ಸುಣ್ಣ ಬಳಿದ ಗೋಡೆಯಂತೆ ನುಣ್ಣಗಿತ್ತು.

ಅಂಗಡಿಯವನದು ಮದುವೆ ಆಲ್ಬಂ ಮಾಡುವ ಕೈ. ಸಂಕೋಚವೇ ಇಲ್ಲದೆ ಹೇಳಿದ: "ಅದು ಫಿಲ್ಮಿನ ಮ್ಯಾಲಿನ ಗೀರು ಅಂತ ಒರೆಸ್ದೆ ರೀ ಮೇಡಂ. ಫೋಟೋದಾಗ ಕಣ ಕಣ ಭಾಳ ಇತ್ತು, ಅದಕ್ಕೇ ಫೈಲ್ ಸಣ್ಣದು ಆಗವಲ್ದಾಗಿತ್ತು. ಎಲ್ಲ ಸಾಫ್ ಮಾಡಿದ ಮ್ಯಾಲ ನೀವು ಹೇಳಿದಂಗೇ ಸಣ್ಣದು ಮಾಡೀನಿ. ಆಮ್ಯಾಲ ಒಂದು ಚುಕ್ಕಿ ಸುದ್ದಾ ಹೋಗಿಲ್ಲ."

"ಇದು ಮದಿಮಗಳ ಮಾರಿ ಅಲ್ಲಪ್ಪ, ಎಲುಬು" ಎಂದರು ಡಾಕ್ಟರಬಾಯಿ. ಅವರ ದನಿಗೆ ಬಸ್ ಸ್ಟ್ಯಾಂಡಿನ ಟಂಟಂ ಆಟೋದವರು ಬಾಗಿಲಲ್ಲಿ ಸೇರಿದ್ದರು. "ಸೆರಗು ಕತ್ತರಿಸಿ ಬಿಸಾಡಿ, ಉಳಿದಿದ್ದು ಚಂದಾಗಿ ಮಡಚೀದಿ. ಈ ಹುಡುಗಿ ಕೈ ಹೋಗಿದ್ರ ನೀ ಕೊಡ್ತಿದ್ದಿಯೇನು?"

"ಚಂದ ಕಾಣ್ಲಿ ಅಂತ ಮಾಡ್ದೆ ರೀ" ಎಂದ ಅವನು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಎಲುಬು ಯಾಕಪ್ಪ ಚಂದ ಕಾಣಬೇಕು?

ಡಾಕ್ಟರಬಾಯಿ ಅವನನ್ನು ಎಬ್ಬಿಸಿ ತಾವೇ ಕುರ್ಚಿಯಲ್ಲಿ ಕೂತರು. ಮೊದಲಿನ ಫೋಟೋವನ್ನು ತುಂಡು ತುಂಡಾಗಿ ಬೇರೆ ಮಾಡಿ, ಒಂದೊಂದನ್ನೂ ಏನೂ ಕಳೆಯದಂತೆ ಸಣ್ಣದು ಮಾಡಿ, ಒಂದೊಂದೇ ಮೇಲ್ ಕಳಿಸಿದರು. ನಡುನಡುವೆ ಲೈನು ಕಡಿದು ಹೋಗುತ್ತಿತ್ತು, ಅವರು ಬೈದು ಮತ್ತೆ ಹಚ್ಚುತ್ತಿದ್ದರು. ಆ ಮಧ್ಯಾಹ್ನ ಅವರು ಊಟ ಮಾಡಲಿಲ್ಲ. ಸೊಲ್ಲಾಪುರದವರು ಈ ಸಲ ನೋಡಿ, ಮುರಿದಿದೆ, ಹೆಬ್ಬೆರಳು ಸೇರಿಸಿ ಪ್ಲಾಸ್ಟರ್ ಹಾಕಿ ಎಂದರು. ಮೊನ್ನೆಯ ಮಾತಿಗೆ "ಆ ಫೋಟೋದಾಗ ಇರ್ಲಿಲ್ಲ" ಎಂದಷ್ಟೇ ಅಂದರಂತೆ. ತಪ್ಪಾಯಿತು ಅನ್ನುವ ಮಾತು ಎಷ್ಟು ದುಬಾರಿ ನೋಡಿ, ಓದಿದವರ ಬಾಯಲ್ಲೂ ಬರಲಿಲ್ಲ, ಅಂಗಡಿಯವನ ಬಾಯಲ್ಲೂ ಬರಲಿಲ್ಲ.

ಪ್ಲಾಸ್ಟರ್ ಹಾಕಿದ ಮೇಲೆ ನನ್ನ ಜೊತೆ ಮನೆಗೂ ಬಂದರು. ಅಡುಗೆಮನೆಯ ಕಿಟಕಿಗೆ ಫಿಲ್ಮು ಹಿಡಿದು ಅತ್ತೆಯನ್ನು ಕರೆದು ತೋರಿಸಿದರು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, "ಇಷ್ಟೇ ಗೆರಿಗಿ ಅಷ್ಟ್ ನೋವೇನ್ರಿ?" ಎಂದರು.

"ಗೆರಿ ಕಂಡ್ರ ಈಗ ನಂಬ್ತೀರಿ" ಎಂದರು ಡಾಕ್ಟರಬಾಯಿ. "ಹದಿನೈದು ದಿನದಿಂದ ಇದೇ ಹುಡುಗಿ ಇದೇ ಮಾತು ಹೇಳಾಕತ್ತಾಳ. ಗೆರಿ ಕಾಣ್ಲಿಲ್ಲಂದ್ರ ಆಕಿ ಸುಳ್ಳೇನು? ನಿಮ್ಮ ಮೊಣಕಾಲು ನೋಯ್ತದ ಅಂತ ನನ್ನ ಕಡಿ ಬಂದಾಗ ನಾ ನಿಮಗ ಫೋಟೋ ಕೇಳಿದ್ನೇನು?" ಇಟ್ಟ ಚಹಾ ಕುಡಿಯದೆ ಹೋದರು. ಪ್ಲಾಸ್ಟರ್ ಇರುವಷ್ಟು ದಿನ ನಾನು ತವರಿನಲ್ಲಿದ್ದು, ಬಿಚ್ಚಿಸಿಕೊಂಡೇ ಬಂದೆ. ಕೈ ಉಳಿಯಿತು. ಅತ್ತೆ ಆ ದಿನದ ಸುದ್ದಿಯನ್ನು ಮತ್ತೆಂದೂ ಎತ್ತಲಿಲ್ಲ.

ದವಾಖಾನೆ ಮುಚ್ಚಿದ ಮೇಲೆ ಡಾಕ್ಟರಬಾಯಿ ಬಸವಕಲ್ಯಾಣದಲ್ಲಿ ತಮ್ಮನ ಮನೆಯಲ್ಲಿದ್ದರು. ಅಲ್ಲೇ ತೀರಿಕೊಂಡರು. ಹುಮನಾಬಾದಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಗೆ ಅತ್ತೆಯೂ ನಾನೂ ಹೋದೆವು. ಒಬ್ಬೊಬ್ಬರೇ ಎದ್ದು ಹೇಳುತ್ತ ಹೋದರು: ಶಾಂತ ಸ್ವಭಾವದವರು, ತಾಯಿಯಂಥವರು, ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ. ಅವರ ಬೈಗುಳಕ್ಕೆ ಅಂಜಿ ಬೇರೆ ದವಾಖಾನೆಗೆ ಹೋಗುತ್ತಿದ್ದವರೇ ಹೀಗೆ ಹೇಳುತ್ತಿದ್ದರು. ಕೇಳುತ್ತ ಕೇಳುತ್ತ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಶಾಂತ ಇರ್ಲಿಲ್ರಿ ಅವ್ರು. ಸಿಟ್ಟಿನವ್ರಿದ್ರು. ಅವ್ರು ಸಿಟ್ಟು ಮಾಡಿದ್ದಕ್ಕ ಈ ಕೈ ಉಳದದ. ಅದನ್ನ ಒರೆಸಬ್ಯಾಡ್ರಿ" ಎಂದು ಬಲಗೈ ಎತ್ತಿ ತೋರಿಸಿದೆ.

ಯಾರೋ ನನ್ನನ್ನು ಕೂಡಿಸಲು ಬಂದರು. ಆಗ ಪಕ್ಕದಲ್ಲಿ ಕೂತಿದ್ದ ಅತ್ತೆ ನನ್ನ ಸೆರಗು ಹಿಡಿದು ಏಳಲು ಪ್ರಯತ್ನಿಸಿದರು. ಮೊಣಕಾಲು ಬಿಡಲಿಲ್ಲ, ಕೂತಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದರು.

"ಖರೇ ಹೇಳಾಕತ್ತಾಳ. ನನ್ನ ಮನ್ಯಾಗೇ ನಿಂತು ನನಗ ಬೈದಾರ. ನಂದೇ ತಪ್ಪಿತ್ತು."